ತಿಮಿಂಗಿಲಗಳ ವಸ್ತುಸಂಗ್ರಹಾಲಯವನ್ನು ನೋಡುವ ಕ್ರಮ

ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ನಿಂತ ಬಹುತೇಕರು ಮೂರು ಕೆಲಸ ಮಾಡುತ್ತಾರೆ: ತಲೆಯೆತ್ತಿ ನೋಡುತ್ತಾರೆ, ಉದ್ದವೆಷ್ಟೆಂದು ಫಲಕದಲ್ಲಿ ಓದಿಕೊಳ್ಳುತ್ತಾರೆ, ಒಂದು ಫೋಟೊ ತೆಗೆದು ಮುಂದಕ್ಕೆ ನಡೆಯುತ್ತಾರೆ. ಇಷ್ಟಕ್ಕೆ ಐದು ನಿಮಿಷ ಸಾಕು. ಆದರೆ ಅದೇ ಅಸ್ಥಿಪಂಜರದ ಮುಂದೆ ಒಂದು ಗಂಟೆ ನಿಂತರೂ ಮುಗಿಯದಷ್ಟು ಸಂಗತಿಗಳು ಅದರಲ್ಲಿವೆ. ಎಲ್ಲಿ ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದು ಗೊತ್ತಿರಬೇಕಷ್ಟೆ. ಅದನ್ನು ಹೇಳಿಕೊಡುವುದೇ ಈ ಲೇಖನದ ಉದ್ದೇಶ. ನೀವು ಹೋಗುವುದು ತಿಮಿಂಗಿಲಗಳಿಗೆಂದೇ ಮೀಸಲಾದ ಸಂಗ್ರಹಾಲಯವಾಗಿರಲಿ, ದೊಡ್ಡ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವೊಂದರ ಕಡಲಜೀವಿಗಳ ವಿಭಾಗವಾಗಿರಲಿ, ಪ್ರತಿ ವಸ್ತುವಿನ ಮುಂದೆಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಈ ಪ್ರಾಣಿ ಬದುಕಿದ್ದು ಹೇಗೆ? ಇದು ಇಲ್ಲಿಗೆ ಬಂದದ್ದು ಹೇಗೆ? ಮೊದಲನೆಯದಕ್ಕೆ ಮೂಳೆಗಳೇ ಉತ್ತರ ಕೊಡುತ್ತವೆ. ಎರಡನೆಯದರ ಉತ್ತರ ಹೆಚ್ಚಾಗಿ ಫಲಕದ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ.

ಹೊರಡುವ ಮುನ್ನ

ಮೊದಲು, ಆ ಸಂಗ್ರಹಾಲಯದಲ್ಲಿ ಇರುವುದು ಏನೆಂದು ತಿಳಿದುಕೊಳ್ಳಿ. ತಿಮಿಂಗಿಲವನ್ನು ಪ್ರದರ್ಶಿಸುವ ಬಗೆಗಳು ಮುಖ್ಯವಾಗಿ ಮೂರು. ಒಂದು, ನಿಜವಾದ ಅಸ್ಥಿಪಂಜರ: ಲಂಡನ್ನಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಮುಖ್ಯ ಸಭಾಂಗಣದಲ್ಲಿ 2017ರಿಂದ ತೂಗುತ್ತಿರುವ, 25.2 ಮೀಟರ್ ಉದ್ದದ ನೀಲಿ ತಿಮಿಂಗಿಲ ಈ ಬಗೆಯದು. ಎರಡು, ಅಳತೆಗೆ ತಕ್ಕಂತೆ ಮಾಡಿದ ಮಾದರಿ: ನ್ಯೂಯಾರ್ಕಿನ ಅಮೆರಿಕನ್ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಫೈಬರ್‌ಗ್ಲಾಸಿನಿಂದ ಮಾಡಿದ 94 ಅಡಿ ಉದ್ದದ ನೀಲಿ ತಿಮಿಂಗಿಲವಿದೆ. ಮೂರು, ಬಹಳ ಅಪರೂಪದ್ದು, ನಿಜವಾದ ಚರ್ಮವನ್ನೇ ಮರದ ಚೌಕಟ್ಟಿನ ಮೇಲೆ ಹೊದಿಸಿ ನಿಲ್ಲಿಸಿದ ದೇಹ: ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, 1865ರಲ್ಲಿ ದಡಕ್ಕೆ ಸಿಕ್ಕಿಬಿದ್ದ ಎಳೆಯ ನೀಲಿ ತಿಮಿಂಗಿಲವೊಂದನ್ನು ಹೀಗೆ ಉಳಿಸಿಕೊಂಡಿದ್ದಾರೆ. ಮಾದರಿಯು ಪ್ರಾಣಿಯ ಆಕಾರವನ್ನು ತೋರಿಸುತ್ತದೆ, ಅಸ್ಥಿಪಂಜರವು ಅದರ ಒಳರಚನೆಯನ್ನು ತೋರಿಸುತ್ತದೆ. ಎರಡೂ ಇರುವ ಕಡೆ ಮೊದಲು ಮಾದರಿಯನ್ನು ನೋಡಿ, ಆಮೇಲೆ ಅಸ್ಥಿಪಂಜರಕ್ಕೆ ಬನ್ನಿ. ಮಾಂಸ, ಕೊಬ್ಬು ತುಂಬಿಕೊಂಡ ದೇಹ ಹೇಗಿತ್ತೆಂಬುದು ಕಣ್ಣಲ್ಲಿ ಇಲ್ಲದಿದ್ದರೆ ಮೂಳೆಗಳು ತಪ್ಪು ಕಲ್ಪನೆ ಕೊಡುತ್ತವೆ.

ಜೊತೆಯಲ್ಲಿ ಒಯ್ಯಬೇಕಾದ ವಸ್ತುಗಳು ಹೆಚ್ಚಿಲ್ಲ. ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಮತ್ತು ಸಾಧ್ಯವಿದ್ದರೆ ಒಂದು ಚಿಕ್ಕ ದುರ್ಬೀನು. ದುರ್ಬೀನನ್ನು ಯಾರೂ ವಸ್ತುಸಂಗ್ರಹಾಲಯಕ್ಕೆ ಒಯ್ಯುವುದಿಲ್ಲ. ಆದರೆ ದೊಡ್ಡ ಅಸ್ಥಿಪಂಜರಗಳೆಲ್ಲ ಛಾವಣಿಯಿಂದ ತೂಗುತ್ತಿರುತ್ತವೆ, ನೋಡಲೇಬೇಕಾದ ಕೆಲವು ಮೂಳೆಗಳು ಕೈಬೆರಳಿನಷ್ಟು ದಪ್ಪವಷ್ಟೇ ಇರುತ್ತವೆ, ಅವು ನೆಲದಿಂದ ಐದಾರು ಮೀಟರ್ ಮೇಲಿದ್ದರೆ ಬರಿಗಣ್ಣಿಗೆ ಸಿಗುವುದಿಲ್ಲ. ಮೂರು ಗಂಟೆಯಷ್ಟು ಬಿಡುವು ಮಾಡಿಕೊಳ್ಳಿ. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಶಾಲಾ ಮಕ್ಕಳ ತಂಡಗಳು ಬರುವ ಮುನ್ನ ದೊಡ್ಡ ಸಭಾಂಗಣ ಶಾಂತವಾಗಿ ಸಿಗುತ್ತದೆ.

ಮೊದಲ ಹತ್ತು ನಿಮಿಷ ಫಲಕ ಓದಬೇಡಿ

ಒಳಗೆ ಹೋದೊಡನೆ ಅಸ್ಥಿಪಂಜರದ ಮೂತಿಯ ತುದಿಯ ಕೆಳಗೆ ನಿಂತು, ಬಾಲದ ತುದಿಯವರೆಗೆ ಸಾಧಾರಣ ನಡಿಗೆಯಲ್ಲಿ ಹೆಜ್ಜೆ ಎಣಿಸುತ್ತಾ ನಡೆಯಿರಿ. ದೊಡ್ಡವರ ಒಂದು ಹೆಜ್ಜೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ, 25 ಮೀಟರಿನ ಪ್ರಾಣಿಗೆ ಮೂವತ್ತಮೂರು ಹೆಜ್ಜೆ ಬೇಕು. ಫಲಕದಲ್ಲಿ ಓದಿದ ಅಂಕಿ ಮರೆತುಹೋಗುತ್ತದೆ, ಕಾಲು ಎಣಿಸಿದ್ದು ಮರೆಯುವುದಿಲ್ಲ. ನಡೆಯುವಾಗ ತಲೆ ಎಲ್ಲಿ ಮುಗಿಯಿತು, ಪಕ್ಕೆಲುಬುಗಳು ಎಲ್ಲಿ ಆರಂಭವಾಗಿ ಎಲ್ಲಿ ನಿಂತವು ಎಂಬುದನ್ನು ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಿ. ತಲೆಬುರುಡೆಯೊಂದೇ ಇಡೀ ಉದ್ದದ ಕಾಲು ಭಾಗದಷ್ಟನ್ನು ತಿಂದಿರುವುದು, ಪಕ್ಕೆಲುಬಿನ ಗೂಡು ನೀವೆಣಿಸಿದ್ದಕ್ಕಿಂತ ಬಹಳ ಗಿಡ್ಡವಾಗಿರುವುದು, ಅಲ್ಲಿಂದ ಹಿಂದಕ್ಕೆ ಅರ್ಧದಷ್ಟು ಉದ್ದ ಬರೀ ಬೆನ್ನುಮೂಳೆಯೇ ಆಗಿರುವುದು ಆಗ ಕಾಣುತ್ತದೆ. ಆ ಹಿಂದಿನ ಅರ್ಧವೇ ತಿಮಿಂಗಿಲದ ಯಂತ್ರ. ಒಂದೊಂದು ಮಣಿಯಿಂದಲೂ ಮೇಲಕ್ಕೆ ಮತ್ತು ಅಕ್ಕಪಕ್ಕಕ್ಕೆ ಹಲಗೆಯಂತೆ ಚಾಚಿಕೊಂಡಿರುವ ಚಪ್ಪಟೆ ಮೂಳೆಗಳನ್ನು ನೋಡಿ. ಬಾಲವನ್ನು ಬಡಿಯುವ ಸ್ನಾಯುಗಳೆಲ್ಲ ಹಿಡಿದುಕೊಂಡಿದ್ದುದು ಅಲ್ಲಿ.

ಬಾಲದ ತುದಿಗೆ ಬಂದಾಗ ಒಂದು ಅಚ್ಚರಿ ಕಾದಿರುತ್ತದೆ. ಮಣಿಗಳು ಚಿಕ್ಕದಾಗುತ್ತಾ ಹೋಗಿ, ಮುಷ್ಟಿಯಷ್ಟಾಗಿ, ನಿಂತುಬಿಡುತ್ತವೆ. ಚಿತ್ರಗಳಲ್ಲಿ ಕಾಣುವ ಅಗಲವಾದ ಬಾಲದ ರೆಕ್ಕೆಗಳು ಅಲ್ಲಿಲ್ಲ, ಏಕೆಂದರೆ ಅವುಗಳಲ್ಲಿ ಮೂಳೆಯೇ ಇರುವುದಿಲ್ಲ. ಗಟ್ಟಿಯಾದ ನಾರಿನಂಥ ಅಂಗಾಂಶದಿಂದ ಅವು ರೂಪುಗೊಂಡಿರುತ್ತವೆ. ಕೆಲವು ಸಂಗ್ರಹಾಲಯಗಳು ತಂತಿಯಿಂದಲೋ ಹಲಗೆಯಿಂದಲೋ ಅವುಗಳ ಅಂಚನ್ನು ತೋರಿಸಿರುತ್ತವೆ, ಕೆಲವು ಹಾಗೆಯೇ ಬಿಟ್ಟಿರುತ್ತವೆ. ಅದೇ ಕೋಣೆಯಲ್ಲಿ ಶಾರ್ಕಿನ ಮಾದರಿಯೊಂದಿದ್ದರೆ ಎರಡರ ಬಾಲವನ್ನೂ ಹೋಲಿಸಿ. ಮೀನಿನ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಬಲಕ್ಕೆ ಆಡುತ್ತದೆ. ತಿಮಿಂಗಿಲದ ಬಾಲ ಮಲಗಿರುತ್ತದೆ, ಮೇಲೆ ಕೆಳಗೆ ಆಡುತ್ತದೆ. ಓಡುವ ನಾಯಿಯ ಬೆನ್ನು ಹೇಗೆ ಬಾಗಿ ಚಾಚುತ್ತದೆಯೋ ಹಾಗೆಯೇ ಈ ಬೆನ್ನೂ ಬಾಗುತ್ತದೆ, ಏಕೆಂದರೆ ಇದು ನೆಲದ ಮೇಲೆ ನಡೆದಾಡಿದ ಸಸ್ತನಿಗಳ ವಂಶದ ಬೆನ್ನು.

ಬಾಯಿಯಿಂದ ಕಿವಿಯವರೆಗೆ

ಈಗ ತಲೆಗೆ ಹಿಂತಿರುಗಿ. ಮೊದಲು ಕೇಳಬೇಕಾದ್ದು, ಹಲ್ಲಿದೆಯೇ ಇಲ್ಲವೇ ಎಂದು. ಇಂದು ಬದುಕಿರುವ ತಿಮಿಂಗಿಲ, ಡಾಲ್ಫಿನ್‌ಗಳ ಸುಮಾರು 90 ಜಾತಿಗಳು ಈ ಒಂದು ಪ್ರಶ್ನೆಯಿಂದಲೇ ಎರಡು ಗುಂಪಾಗುತ್ತವೆ. ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್, ರೈಟ್ ತಿಮಿಂಗಿಲಗಳಿಗೆ ಹಲ್ಲಿಲ್ಲ. ಮೇಲ್ದವಡೆಯಿಂದ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಇಳಿಬಿದ್ದ ಬಲೀನ್ ಎಂಬ ಪಟ್ಟಿಗಳಿಂದ ಅವು ನೀರನ್ನು ಸೋಸಿ, ಸೀಗಡಿಯಂಥ ಕ್ರಿಲ್ ಮತ್ತು ಸಣ್ಣ ಮೀನುಗಳನ್ನು ತಿನ್ನುತ್ತವೆ. ಬಲೀನ್ ಮೂಳೆಯಲ್ಲ, ನಮ್ಮ ಉಗುರು ಮತ್ತು ಕೂದಲು ಯಾವ ಕೆರಾಟಿನ್‌ನಿಂದ ಆಗಿವೆಯೋ ಅದರಿಂದಲೇ ಆದದ್ದು. ಹೀಗಾಗಿ ಅಸ್ಥಿಪಂಜರದಲ್ಲಿ ಅದು ಹಲವೊಮ್ಮೆ ಇರುವುದೇ ಇಲ್ಲ, ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟಿರುತ್ತಾರೆ. ಪೆಟ್ಟಿಗೆಯಲ್ಲಿರುವ ಪಟ್ಟಿಯ ಹೊರ ಅಂಚು ನಯವಾಗಿ, ಗಟ್ಟಿಯಾಗಿದ್ದು, ಒಳ ಅಂಚು ಹಳೆಯ ಪೊರಕೆಯಂತೆ ಎಳೆಎಳೆಯಾಗಿ ಬಿಚ್ಚಿಕೊಂಡಿರುವುದನ್ನು ಹತ್ತಿರದಿಂದ ನೋಡಿ. ನಾಲಗೆ ಉಜ್ಜಿ ಉಜ್ಜಿ ಸವೆದ ಕಡೆ ಈ ಎಳೆಗಳು ಹೊರಬರುತ್ತವೆ. ಪಕ್ಕಪಕ್ಕದ ಪಟ್ಟಿಗಳ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಜರಡಿಯಾಗುತ್ತವೆ. ಮುಟ್ಟಿ ನೋಡಲು ಬಿಡುವ ಮೇಜಿನ ಮೇಲೆ ಒಂದು ತುಂಡು ಇಟ್ಟಿದ್ದರೆ, ದಯವಿಟ್ಟು ಸಾಲಿನಲ್ಲಿ ನಿಂತಾದರೂ ಮುಟ್ಟಿ.

ನೀಲಿ ತಿಮಿಂಗಿಲದ ಕೆಳದವಡೆಯ ಎರಡು ಬಿಲ್ಲುಗಳು ಗಲ್ಲದ ಬಳಿ ಒಂದಕ್ಕೊಂದು ಕೂಡಿಕೊಂಡಿರುವುದಿಲ್ಲ. ಇಡೀ ಪ್ರಾಣಿಲೋಕದಲ್ಲಿ ಇವುಗಳಿಗಿಂತ ದೊಡ್ಡದಾದ ಒಂಟಿ ಮೂಳೆ ಇಲ್ಲ. ಬಾಯಿ ತೆರೆದಾಗ ಅವೆರಡೂ ಹೊರಕ್ಕೆ ಹೊರಳಿ, ಗಂಟಲಿನ ಕೆಳಗಿನ ನೆರಿಗೆಗಳು ಚೀಲದಂತೆ ಬಿಚ್ಚಿಕೊಂಡು, ಟನ್‌ಗಟ್ಟಲೆ ನೀರನ್ನು ಒಮ್ಮೆಗೇ ಒಳಗೆ ತೆಗೆದುಕೊಳ್ಳುತ್ತವೆ.

ಹಲ್ಲಿರುವ ಗುಂಪಿನಲ್ಲಿ ಅತಿ ದೊಡ್ಡದು ಸ್ಪರ್ಮ್ ತಿಮಿಂಗಿಲ. ಅದರ ತಲೆಬುರುಡೆಯ ಮುಂದೆ ನಿಂತರೆ ಏನೋ ಕಳೆದುಹೋದಂತೆ ಅನ್ನಿಸುತ್ತದೆ: ಹಿಂಭಾಗದಲ್ಲಿ ಎತ್ತರದ ಗೋಡೆ, ಮುಂದಕ್ಕೆ ಚಾಚಿದ ತಗ್ಗು, ಒಂದು ದೊಡ್ಡ ಆರಾಮಕುರ್ಚಿಯ ಆಕಾರ. ಜೀವಂತ ಪ್ರಾಣಿಯಲ್ಲಿ ಆ ತಗ್ಗಿನ ಮೇಲೆ ಸ್ಪರ್ಮಸೆಟಿ ಎಂಬ ಮೇಣದಂಥ ಎಣ್ಣೆ ತುಂಬಿದ ಬೃಹತ್ ಅಂಗವೊಂದು ಕುಳಿತಿರುತ್ತದೆ. ಗಾಢ ಕತ್ತಲೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬೇಟೆಯಾಡುವ ಈ ಪ್ರಾಣಿ, ತನ್ನ ಸದ್ದಿನ ಪ್ರತಿಧ್ವನಿಯಿಂದ ಬೇಟೆಯನ್ನು ಹುಡುಕುವುದು ಇದೇ ಅಂಗದ ನೆರವಿನಿಂದ. ದೊಡ್ಡ ಹಲ್ಲುಗಳು ಕಿರಿದಾದ ಕೆಳದವಡೆಯಲ್ಲಿ ಮಾತ್ರ ಕಾಣುತ್ತವೆ. ಬಾಯಿ ಮುಚ್ಚಿದಾಗ ಅವು ಮೇಲ್ದವಡೆಯ ಗುಳಿಗಳಲ್ಲಿ ಕೂರುತ್ತವೆ. ಇನ್ನೊಂದು ವಿಶೇಷವನ್ನು ನೋಡಲು ತಲೆಬುರುಡೆಯ ನೇರ ಮುಂದೆಯೇ ನಿಲ್ಲಬೇಕು, ಓರೆಯಾಗಿ ನಿಂತರೆ ಗೊತ್ತಾಗುವುದಿಲ್ಲ. ಹಲ್ಲಿನ ತಿಮಿಂಗಿಲಗಳ ತಲೆಬುರುಡೆಯ ಎಡ ಮತ್ತು ಬಲ ಸಮನಾಗಿರುವುದಿಲ್ಲ, ಮೂಗಿನ ಭಾಗ ಒಂದು ಕಡೆಗೆ ವಾಲಿರುತ್ತದೆ. ಸದ್ದನ್ನು ಹೊರಡಿಸುವ ಅಂಗಗಳು ಎರಡು ಪಕ್ಕದಲ್ಲಿ ಬೇರೆ ಬೇರೆ ರೀತಿ ಬೆಳೆದದ್ದರ ಗುರುತು ಅದು. ಮಹಡಿಯ ಮೊಗಸಾಲೆಯಿಂದ ಮೇಲಿನಿಂದ ನೋಡಲು ಅವಕಾಶವಿದ್ದರೆ ಶ್ವಾಸರಂಧ್ರದ ಜಾಗವನ್ನೂ ಹುಡುಕಿ: ಬಲೀನ್ ತಿಮಿಂಗಿಲಗಳಿಗೆ ಎರಡು ಹೊಳ್ಳೆ, ಹಲ್ಲಿನವಕ್ಕೆ ಹೊರಗೆ ತೆರೆಯುವುದು ಒಂದೇ.

ನಾರ್ವಾಲ್ ಎಂಬ ಹಲ್ಲಿನ ತಿಮಿಂಗಿಲ ಇದ್ದರೆ, ಅದರ ಉದ್ದನೆಯ ಕೋಡು ಕೋಡಲ್ಲ, ಸಾಮಾನ್ಯವಾಗಿ ಎಡಗಡೆಯ ಒಂದು ಹಲ್ಲು ತುಟಿಯನ್ನು ಸೀಳಿಕೊಂಡು ಸುರುಳಿಯಾಗಿ ಬೆಳೆದದ್ದು ಎಂಬುದನ್ನು ಗಮನಿಸಿ ಮುಂದೆ ಹೋಗಿ.

ಕಿವಿಯ ಮೂಳೆಗೆ ಮಾತ್ರ ಸಮಯ ಕೊಡಿ, ಏಕೆಂದರೆ ಅದನ್ನು ಜನ ನೋಡದೆ ದಾಟುತ್ತಾರೆ. ಮುಷ್ಟಿಯಷ್ಟು ದೊಡ್ಡದಾದ, ಕವಡೆಯಂತೆ ಒಳಮುಖವಾಗಿ ಸುತ್ತಿಕೊಂಡ, ಕಲ್ಲಿನಷ್ಟು ಗಟ್ಟಿಯಾದ ಮೂಳೆ ಅದು. ಹೆಚ್ಚಾಗಿ ತಲೆಬುರುಡೆಯಿಂದ ಬೇರೆಯಾಗಿ ಸಣ್ಣ ಪೆಟ್ಟಿಗೆಯಲ್ಲಿ ಸಿಗುತ್ತದೆ. ಅದರ ಒಳ ಅಂಚು ವಿಪರೀತ ದಪ್ಪವಾಗಿರುತ್ತದೆ. ಈ ದಪ್ಪ ಅಂಚೇ ತಿಮಿಂಗಿಲ ವಂಶದ ಮುದ್ರೆಯೆಂದು ವಿಜ್ಞಾನಿಗಳು ಪರಿಗಣಿಸುತ್ತಾರೆ. ಬಲೀನ್ ತಿಮಿಂಗಿಲಗಳ ಕಿವಿಯಲ್ಲಿ ಕಟ್ಟಿಕೊಳ್ಳುವ ಗುಗ್ಗೆಯನ್ನೂ ಕೆಲವೆಡೆ ಇಟ್ಟಿರುತ್ತಾರೆ. ಅದು ಪದರಪದರವಾಗಿ ಬೆಳೆಯುವುದರಿಂದ, ಉದ್ದಕ್ಕೆ ಸೀಳಿದರೆ ಮರದ ಬಳೆಗಳನ್ನು ಎಣಿಸಿದಂತೆ ಎಣಿಸಿ ಪ್ರಾಣಿಯ ವಯಸ್ಸನ್ನು ಅಂದಾಜು ಮಾಡಬಹುದು.

ಕೈಯನ್ನು ಹುಡುಕಿ, ಕಾಲನ್ನೂ ಹುಡುಕಿ

ನನಗೆ ಕೇಳಿದರೆ ಇಡೀ ಸಂಗ್ರಹಾಲಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಈಜುರೆಕ್ಕೆಯ ಮುಂದೆ. ಹೊರಗಿನಿಂದ ಅದು ದೋಣಿಯ ಹುಟ್ಟಿನಂತೆ ಕಾಣುತ್ತದೆ, ಒಳಗೆ ಇರುವುದು ಕೈ. ನಿಮ್ಮ ತೋಳನ್ನು ಚಾಚಿ ಅದರ ಪಕ್ಕಕ್ಕೆ ಹಿಡಿದು ಒಂದೊಂದಾಗಿ ಹೊಂದಿಸಿಕೊಳ್ಳಿ. ಹೆಗಲ ಮೂಳೆ ಬೀಸಣಿಗೆಯಂತೆ ಅಗಲವಾಗಿದೆ. ಅದರ ಕೆಳಗೆ ತೋಳಿನ ಒಂದು ಗಿಡ್ಡ ಮೂಳೆ, ಆಮೇಲೆ ಮುಂಗೈಯ ಎರಡು ಮೂಳೆಗಳು, ಮಣಿಕಟ್ಟಿನ ಗುಂಡನೆಯ ತುಣುಕುಗಳು, ಕೊನೆಗೆ ಬೆರಳುಗಳು. ಈಗ ಬೆರಳುಗಳನ್ನು ಎಣಿಸಿ. ನೀಲಿ ತಿಮಿಂಗಿಲ ಮತ್ತು ಹಂಪ್‌ಬ್ಯಾಕ್‌ಗೆ ನಾಲ್ಕು, ರೈಟ್ ತಿಮಿಂಗಿಲಕ್ಕೆ ಐದು. ನಮ್ಮ ಬೆರಳಿನಲ್ಲಿ ಮೂರು ಗೆಣ್ಣುಗಳಿದ್ದರೆ, ಹೆಬ್ಬೆರಳಿನಲ್ಲಿ ಎರಡಿದ್ದರೆ, ಇಲ್ಲಿ ಒಂದೇ ಬೆರಳಿನಲ್ಲಿ ಐದು, ಆರು, ಕೆಲವು ಜಾತಿಗಳಲ್ಲಿ ಹತ್ತಕ್ಕೂ ಹೆಚ್ಚು ಗೆಣ್ಣುಗಳು ಸಾಲಾಗಿರುತ್ತವೆ. ಗೆಣ್ಣುಗಳ ನಡುವೆ ಬಿಟ್ಟಿರುವ ತೆರಪು, ಅಥವಾ ಬೇರೆ ಬಣ್ಣದಲ್ಲಿ ತುಂಬಿರುವ ಭಾಗ, ಜೀವಂತ ಪ್ರಾಣಿಯಲ್ಲಿ ಮೃದ್ವಸ್ಥಿ ಇದ್ದ ಜಾಗ. ಹಂಪ್‌ಬ್ಯಾಕ್‌ನ ಈಜುರೆಕ್ಕೆ ಅದರ ದೇಹದ ಮೂರನೆಯ ಒಂದು ಭಾಗದಷ್ಟು ಉದ್ದವಾಗಿರುವುದರಿಂದ ಈ ಎಣಿಕೆಗೆ ಅದೇ ಅನುಕೂಲ. ಹೆಗಲಿನಲ್ಲಿ ಕೀಲು ಚೆನ್ನಾಗಿ ತಿರುಗುತ್ತದೆ, ಮೊಣಕೈ ಮಾತ್ರ ಬಿಗಿದುಕೊಂಡಿದೆ. ಮಡಚಲು ಬಾರದ ಕೈ ಅದು.

ಕುತ್ತಿಗೆಗೆ ಬಂದರೆ, ಅಲ್ಲಿ ಬಹುಪಾಲು ಸಸ್ತನಿಗಳಂತೆ ಏಳೇ ಮಣಿಗಳು. ರೈಟ್ ತಿಮಿಂಗಿಲದಲ್ಲಿ ಆ ಏಳೂ ಒತ್ತಿಕೊಂಡು ಒಂದೇ ಗಟ್ಟಿಯಾಗಿ ಕೂಡಿಹೋಗಿರುತ್ತವೆ; ಅಂಚಿನಿಂದ ನೋಡಿದರೆ ಅಂಟಿಸಿಟ್ಟ ರೊಟ್ಟಿಗಳ ಕಟ್ಟಿನಂತೆ ಪದರಗಳು ಕಾಣುತ್ತವೆ.

ಈಗ ದುರ್ಬೀನು ತೆಗೆಯಿರಿ. ಪಕ್ಕೆಲುಬುಗಳು ಮುಗಿದ ಮೇಲೆ, ಬೆನ್ನುಮೂಳೆಯಿಂದ ಸಾಕಷ್ಟು ಕೆಳಗೆ, ಯಾವುದಕ್ಕೂ ಅಂಟಿಕೊಳ್ಳದೆ ತೆಳುವಾದ ತಂತಿಯಲ್ಲಿ ತೂಗುತ್ತಿರುವ ಎರಡು ಸಣ್ಣ ಮೂಳೆಗಳನ್ನು ಹುಡುಕಿ. ಅದು ಸೊಂಟದ ಮೂಳೆಯ ಉಳಿಕೆ. ಇಪ್ಪತ್ತೈದು ಮೀಟರಿನ ಪ್ರಾಣಿಯಲ್ಲಿ ಅವು ಒಂದು ಮೊಳದಷ್ಟು ಇರಬಹುದು. ಹಿಂಗಾಲುಗಳು ಹೋದರೂ ಇವು ನಿಷ್ಪ್ರಯೋಜಕವಾಗಿ ಉಳಿದಿಲ್ಲ. ಜನನಾಂಗದ ಸ್ನಾಯುಗಳು ಇವಕ್ಕೇ ಹಿಡಿದುಕೊಂಡಿರುತ್ತವೆ. ಜೋಡಿಸುವವರು ಇವನ್ನು ಬಿಟ್ಟುಬಿಟ್ಟ ಹಳೆಯ ಅಸ್ಥಿಪಂಜರಗಳೂ ಉಂಟು. ಕಾಣದಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಕೇಳಿ. ಹೀಗೆ ಕೇಳುವ ಸಂದರ್ಶಕರಿಗೆ ಅವರು ಬೇರೆ ಯಾರಿಗೂ ತೋರಿಸದ ಸಂಗತಿಗಳನ್ನು ತೋರಿಸುತ್ತಾರೆ.

ಈ ಕಾಲಿನ ಕಥೆಯನ್ನು ಮುಂದುವರಿಸಲು ಪಳೆಯುಳಿಕೆಗಳ ಕೋಣೆಗೆ ಹೋಗಬೇಕು. ನಮ್ಮವರು ಅಲ್ಲಿ ಹೆಚ್ಚು ಗಮನವಿಟ್ಟು ನೋಡಲು ಕಾರಣವಿದೆ: ತಿಮಿಂಗಿಲಗಳ ಪೂರ್ವಜರು ನೆಲದಿಂದ ನೀರಿಗೆ ಇಳಿದ ಕಥೆಯ ಬಹಳಷ್ಟು ಪುಟಗಳು ಸಿಕ್ಕಿದ್ದು ಭಾರತ ಮತ್ತು ಪಾಕಿಸ್ತಾನದ ಬಂಡೆಗಳಲ್ಲಿ. ಪಾಕಿಸ್ತಾನದಲ್ಲಿ ಸಿಕ್ಕ ಪಾಕಿಸೀಟಸ್, ಸುಮಾರು 5 ಕೋಟಿ ವರ್ಷಗಳ ಹಿಂದೆ ನಾಲ್ಕು ಕಾಲುಗಳ ಮೇಲೆ ಓಡಾಡಿದ ಪ್ರಾಣಿ. ಗುಜರಾತಿನ ಕಚ್ಛ್‌ನಲ್ಲಿ ಸಿಕ್ಕ ಕಚ್ಛಿಸೀಟಸ್‌ಗೆ ಆ ನೆಲದ ಹೆಸರನ್ನೇ ಇಟ್ಟಿದ್ದಾರೆ. ಕಾಶ್ಮೀರದ ಬಂಡೆಗಳಿಂದ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ್ದ ಪಳೆಯುಳಿಕೆಗಳಲ್ಲಿ ಚಿಕ್ಕ ಜಿಂಕೆಯಂಥ ಇಂಡೋಹಯಸ್ ಎಂಬ ಪ್ರಾಣಿ ಇತ್ತು. 2007ರಲ್ಲಿ ಅದನ್ನು ತಿಮಿಂಗಿಲಗಳ ಹತ್ತಿರದ ಬಂಧುವೆಂದು ಗುರುತಿಸಲು ನೆರವಾದದ್ದು, ಸ್ವಲ್ಪ ಹೊತ್ತಿನ ಹಿಂದೆ ನೀವು ನೋಡಿದ ಅದೇ ದಪ್ಪ ಅಂಚಿನ ಕಿವಿಯ ಮೂಳೆ. ಈಜಿಪ್ಟಿನ ವಾದಿ ಅಲ್-ಹಿತಾನ್ ಎಂಬ ಮರುಭೂಮಿ ಕಣಿವೆ 2005ರಿಂದ ವಿಶ್ವ ಪರಂಪರೆಯ ತಾಣವಾಗಿದೆ. ಅಲ್ಲಿನ ಬೆಸಿಲೋಸಾರಸ್ ಎಂಬ ಪ್ರಾಚೀನ ತಿಮಿಂಗಿಲಕ್ಕೆ ಮೊಣಕಾಲು, ಪಾದಗಳಿರುವ ಪುಟ್ಟ ಹಿಂಗಾಲುಗಳಿದ್ದವು. ಇಂದು ಬದುಕಿರುವ ನೆಲದ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ ನಂಟ ನೀರಾನೆ.

ಇದು ಇಲ್ಲಿಗೆ ಬಂದದ್ದು ಹೇಗೆ?

ಈಗ ಫಲಕ ಓದುವ ಹೊತ್ತು. ಕೊನೆಯ ಸಾಲಿನಿಂದ ಆರಂಭಿಸಿ, ವರ್ಷ ಮತ್ತು ಸ್ಥಳವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಲಂಡನ್ನಿನ ನೀಲಿ ತಿಮಿಂಗಿಲ 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ಮರಳದಿಣ್ಣೆಗೆ ಸಿಕ್ಕಿ ಸತ್ತದ್ದು. ಐಸ್‌ಲ್ಯಾಂಡಿನ ಹೂಸಾವಿಕ್‌ನಲ್ಲಿ ತಿಮಿಂಗಿಲಗಳಿಗೆಂದೇ ಇರುವ ಸಂಗ್ರಹಾಲಯದ ನೀಲಿ ತಿಮಿಂಗಿಲ 2010ರಲ್ಲಿ ದಡಕ್ಕೆ ಬಂದು ಬಿದ್ದದ್ದು. ಟೊರಾಂಟೊದ ರಾಯಲ್ ಒಂಟಾರಿಯೊ ಸಂಗ್ರಹಾಲಯ ಪ್ರದರ್ಶಿಸಿದ ನೀಲಿ ತಿಮಿಂಗಿಲದ ಹೃದಯ, 2014ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಹಿಮದ ಹಾಸುಗಳ ನಡುವೆ ಸಿಕ್ಕಿ ಸತ್ತ ಒಂಬತ್ತು ತಿಮಿಂಗಿಲಗಳಲ್ಲಿ ಒಂದರದು. ಆ ಹೃದಯದ ತೂಕ ಸುಮಾರು 180 ಕಿಲೋ. ನೀಲಿ ತಿಮಿಂಗಿಲದ ಹೃದಯ ಕಾರಿನಷ್ಟಿರುತ್ತದೆ, ಅದರ ರಕ್ತನಾಳದಲ್ಲಿ ಮನುಷ್ಯ ಈಜಬಹುದು ಎಂಬ ಮಾತು ಎಷ್ಟು ದೊಡ್ಡ ಅತಿಶಯೋಕ್ತಿಯೆಂದು ಅದನ್ನು ಕಂಡವರಿಗೆ ತಿಳಿಯಿತು.

ಅಮೆರಿಕದ ನ್ಯೂ ಬೆಡ್‌ಫರ್ಡ್‌ನ ತಿಮಿಂಗಿಲಬೇಟೆ ಸಂಗ್ರಹಾಲಯದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಇನ್ನಷ್ಟು ಹತ್ತಿರದ್ದು. ಅಲ್ಲಿನ ಎಳೆಯ ನೀಲಿ ತಿಮಿಂಗಿಲ 1998ರಲ್ಲಿ ಹಡಗಿಗೆ ಸಿಕ್ಕಿ ಸತ್ತಿತು. ತಿಮಿಂಗಿಲದ ಮೂಳೆಗಳು ಸ್ಪಂಜಿನಂತೆ ರಂಧ್ರಮಯವಾಗಿದ್ದು ಅವುಗಳ ತುಂಬ ಎಣ್ಣೆಯಿರುತ್ತದೆ. ಎಷ್ಟು ಸ್ವಚ್ಛಗೊಳಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹೀಗಾಗಿ 2000ದಲ್ಲಿ ತೂಗುಹಾಕಿದ ಮೇಲೂ ಆ ಅಸ್ಥಿಪಂಜರದಿಂದ ಎಣ್ಣೆ ಜಿನುಗುತ್ತಲೇ ಬಂದಿದೆ, ಅದನ್ನು ಹಿಡಿಯಲು ಗಾಜಿನ ಪಾತ್ರೆಯೊಂದನ್ನು ಕಟ್ಟಿದ್ದಾರೆ. ಅದೇ ಸಂಗ್ರಹಾಲಯದಲ್ಲಿ 2004ರಲ್ಲಿ ಹಡಗಿನ ಹೊಡೆತಕ್ಕೆ ಸತ್ತ ಗರ್ಭಿಣಿ ರೈಟ್ ತಿಮಿಂಗಿಲದ ಅಸ್ಥಿಪಂಜರವನ್ನು, ಅದರ ಹೊಟ್ಟೆಯಲ್ಲಿದ್ದ ಮರಿಯ ಮೂಳೆಗಳ ಜೊತೆಗೇ ಪ್ರದರ್ಶಿಸಿದ್ದಾರೆ. ಬೇರೆ ಕಡೆಯ ಅಸ್ಥಿಪಂಜರಗಳನ್ನು ನೋಡುವಾಗಲೂ ಮುರಿದು ಕೂಡಿಕೊಂಡ ಪಕ್ಕೆಲುಬು, ಊದಿಕೊಂಡು ಒಂದಕ್ಕೊಂದು ಬೆಸೆದುಕೊಂಡ ಬೆನ್ನಿನ ಮಣಿಗಳು ಇವೆಯೇ ಎಂದು ಹುಡುಕಿ. ಮುರಿದ ಜಾಗದಲ್ಲಿ ಮೂಳೆ ಗಂಟುಗಟ್ಟಿದ್ದರೆ ಆ ಪೆಟ್ಟಿನ ಮೇಲೂ ಪ್ರಾಣಿ ಬದುಕಿತ್ತೆಂದು ಅರ್ಥ.

ಬೇಟೆಯ ವಿಭಾಗವನ್ನು, ಮಕ್ಕಳು ಜೊತೆಗಿದ್ದರೂ, ದಾಟಿಹೋಗಬೇಡಿ. ಅಲ್ಲಿನ ಈಟಿಗಳು, ಕೊಬ್ಬು ಕೊಯ್ಯುವ ಉದ್ದ ಹಿಡಿಯ ಕತ್ತಿಗಳು, ಹಡಗಿನ ಮೇಲೆಯೇ ಕೊಬ್ಬನ್ನು ಕರಗಿಸುತ್ತಿದ್ದ ಕಬ್ಬಿಣದ ಕಡಾಯಿಗಳು ಯಾವ ಕ್ರಮದಲ್ಲಿ ಬಳಕೆಯಾಗುತ್ತಿದ್ದವೆಂದು ಮನಸ್ಸಿನಲ್ಲಿ ಜೋಡಿಸಿ ನೋಡಿ. ನ್ಯೂ ಬೆಡ್‌ಫರ್ಡ್‌ನಲ್ಲಿ ಲಗೋಡಾ ಎಂಬ ಬೇಟೆ ಹಡಗಿನ ಅರ್ಧ ಅಳತೆಯ ಮಾದರಿಯಿದೆ, ಸಂದರ್ಶಕರು ಅದನ್ನು ಹತ್ತಿ ನೋಡಬಹುದು. ದೀಪಕ್ಕೆ ಎಣ್ಣೆ, ಯಂತ್ರಕ್ಕೆ ಕೀಲೆಣ್ಣೆ, ಮೇಣದ ಬತ್ತಿ, ಹೆಂಗಸರ ಬಿಗಿ ಕಂಚುಕಕ್ಕೆ ಬಲೀನ್ ಕಡ್ಡಿ, ಮುಂದೆ ಮಾರ್ಗರಿನ್, ಹೀಗೆ ಒಂದು ಪ್ರಾಣಿಯ ದೇಹ ಮನೆಮನೆಯ ಸಾಮಾನಾಗಿ ಹರಡಿಹೋಗಿತ್ತು. ಭೂಮಿಯಿಂದ ಪೆಟ್ರೋಲಿಯಂ ತೆಗೆಯಲು ಆರಂಭಿಸಿದ ಮೇಲೆ ಬೇಟೆ ನಿಂತಿತೆಂದು ಭಾವಿಸುವವರಿದ್ದಾರೆ. ನಡೆದದ್ದು ಬೇರೆ. ಸ್ಫೋಟಿಸುವ ಈಟಿ ಮತ್ತು ಉಗಿ ಹಡಗು ಬಂದ ಮೇಲೆ, ಅಲ್ಲಿಯವರೆಗೆ ವೇಗದಿಂದಾಗಿ ತಪ್ಪಿಸಿಕೊಳ್ಳುತ್ತಿದ್ದ ನೀಲಿ ತಿಮಿಂಗಿಲವೂ ಕೈಗೆ ಸಿಕ್ಕಿತು. 20ನೆಯ ಶತಮಾನವೊಂದರಲ್ಲೇ ಕೈಗಾರಿಕಾ ಬೇಟೆಗೆ ಬಲಿಯಾದ ತಿಮಿಂಗಿಲಗಳು ಸುಮಾರು 29 ಲಕ್ಷವೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಬೇಟೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ 1946ರದು, ವಾಣಿಜ್ಯ ಬೇಟೆಗೆ ತಡೆಯೊಡ್ಡುವ ತೀರ್ಮಾನ 1982ರದು. ಮಾಹಿತಿ ಫಲಕದಲ್ಲಿ ಅಸ್ಥಿಪಂಜರದ ವರ್ಷ ಈ ಎರಡರ ಯಾವ ಬದಿಗೆ ಬೀಳುತ್ತದೆ ಎಂದು ನೋಡಿದರೆ ಎಷ್ಟೋ ವಿಷಯ ತಾನಾಗಿ ತಿಳಿಯುತ್ತದೆ.

ಮಕ್ಕಳು ಇಲ್ಲಿ ಕಷ್ಟದ ಪ್ರಶ್ನೆಗಳನ್ನು ಕೇಳುತ್ತಾರೆ. ನಿಜವನ್ನೇ, ಚಿಕ್ಕ ಮಾತುಗಳಲ್ಲಿ, ಹೇಳಿಬಿಡುವುದು ಮೇಲು.

ಸದ್ದಿನ ಕೋಣೆ

ಕಾಲು ದಣಿದಾಗ ಹೋಗಬೇಕಾದ ಜಾಗ ಇದು, ಏಕೆಂದರೆ ಕೂರಲು ಬೆಂಚು ಇರುತ್ತದೆ, ದೀಪವೂ ಮಂದವಾಗಿರುತ್ತದೆ. ಧ್ವನಿಮುದ್ರಣದ ಪಕ್ಕದ ಬರಹದಲ್ಲಿ ವೇಗ ಹೆಚ್ಚಿಸಲಾಗಿದೆಯೇ ಎಂದು ನೋಡಿಕೊಳ್ಳಿ. ನೀಲಿ ತಿಮಿಂಗಿಲದ ಕೂಗು ಬಹುಪಾಲು 20 ಹರ್ಟ್ಸ್‌ನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ, ಅಂದರೆ ಮನುಷ್ಯನ ಕಿವಿಯ ಮಿತಿಯ ಅಂಚಿನಲ್ಲಿ ಇರುವುದರಿಂದ, ಅದನ್ನು ಹಲವು ಪಟ್ಟು ವೇಗವಾಗಿ ನುಡಿಸಿದರೆ ಮಾತ್ರ ನಮಗೆ ಸರಿಯಾಗಿ ಕೇಳಿಸುತ್ತದೆ. ಹಂಪ್‌ಬ್ಯಾಕ್‌ನ ಹಾಡಿಗೆ ಆ ತೊಂದರೆಯಿಲ್ಲ. ಅದರ ಕೂಗುಗಳು ಸುಮ್ಮನೆ ಹೊರಡುವ ಸದ್ದುಗಳಲ್ಲ, ನಿರ್ದಿಷ್ಟ ಕ್ರಮದಲ್ಲಿ ಮರುಕಳಿಸುವ ಹಾಡು ಎಂದು ಸಂಶೋಧಕರಾದ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ಪ್ರಕಟಿಸಿದರು. ಹಾಡುವುದು ಗಂಡು ಮಾತ್ರ. ಐದು ನಿಮಿಷವಾದರೂ ಕಣ್ಣು ಮುಚ್ಚಿ ಕೇಳಿದರೆ, ಒಂದು ಸೊಲ್ಲು ಮತ್ತೆ ಮತ್ತೆ ಬಂದು, ಅದರಿಂದ ಇನ್ನೊಂದು ಸೊಲ್ಲಿಗೆ ಹಾಡು ಸರಿಯುವುದು ತಿಳಿಯುತ್ತದೆ. 1977ರಲ್ಲಿ ಹಾರಿಬಿಟ್ಟ ವಾಯೇಜರ್ ಬಾಹ್ಯಾಕಾಶ ನೌಕೆಗಳ ಬಂಗಾರ ಲೇಪಿತ ಧ್ವನಿತಟ್ಟೆಯಲ್ಲಿ, ಮನುಷ್ಯರ ಶುಭಾಶಯಗಳ ಜೊತೆಗೆ ಹಂಪ್‌ಬ್ಯಾಕ್‌ನ ಸದ್ದೂ ಇದೆ.

ಉಳಿದ ಕಡಲಜೀವಿಗಳ ನಡುವೆ

ಇಷ್ಟೆಲ್ಲ ನೋಡಿದ ಮೇಲೆ ಉಳಿದ ಕೋಣೆಗಳಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ, ನಾಲ್ಕೈದನ್ನು ಆರಿಸಿಕೊಳ್ಳಿ. ದ್ರವದಲ್ಲಿ ಮುಳುಗಿಸಿಟ್ಟ ಮೀನುಗಳ, ಅಷ್ಟಪದಿಗಳ ಬಣ್ಣ ಹೋಗಿ ಬಿಳಿಚಿಕೊಂಡಿರುತ್ತದೆ. ಅದು ಅವುಗಳ ನಿಜವಾದ ಬಣ್ಣವಲ್ಲ. ಫೋಟೊ ತೆಗೆಯುವಾಗ ಫ್ಲಾಶ್ ಆರಿಸಿಡಿ, ಗಾಜಿನ ಮೇಲೆ ಬೆಳಕು ಬಿದ್ದು ಏನೂ ಬರುವುದಿಲ್ಲ, ಹಳೆಯ ಮಾದರಿಗಳಿಗೂ ಒಳ್ಳೆಯದಲ್ಲ. ಲೋಳೆಮೀನಿನಂಥ ಮೆತ್ತನೆಯ ಜೀವಿಗಳು ದ್ರವದಲ್ಲಿ ಆಕಾರವನ್ನೂ ಕಳೆದುಕೊಳ್ಳುತ್ತವೆ. ಆ ಕಾರಣಕ್ಕೇ 19ನೆಯ ಶತಮಾನದಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ಲಿಯೊಪೋಲ್ಡ್ ಬ್ಲಾಶ್ಕಾ ಮತ್ತು ಅವರ ಮಗ ರುಡಾಲ್ಫ್ ಅವನ್ನು ಗಾಜಿನಲ್ಲಿ ಮಾಡಿದರು. ಕೂದಲಿನಷ್ಟು ಸಣ್ಣ ಬಾಹುಗಳನ್ನೂ ಬಿಡದೆ ಮಾಡಿದ ಆ ಗಾಜಿನ ಜೀವಿಗಳು ಇಂದಿಗೂ ಹಲವು ದೇಶಗಳ ಸಂಗ್ರಹಾಲಯಗಳಲ್ಲಿವೆ. ನೀವು ಹೋದಲ್ಲಿ ಒಂದಿದ್ದರೂ ಸಾಕು, ಅದರ ಮುಂದೆ ನಿಲ್ಲಿ.

ಸೀಲಕ್ಯಾಂತ್ ಮೀನಿದ್ದರೆ ಅದರ ತೋಳಿನಂಥ ಈಜುರೆಕ್ಕೆಗಳನ್ನು ತಿಮಿಂಗಿಲದ ಕೈಯ ನೆನಪಿನಲ್ಲಿ ನೋಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದಿದೆಯೆಂದು ಎಲ್ಲರೂ ನಂಬಿದ್ದ ಈ ಮೀನನ್ನು 1938ರಲ್ಲಿ ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಊರಿನ ಚಿಕ್ಕ ಸಂಗ್ರಹಾಲಯವೊಂದರ ಮೇಲ್ವಿಚಾರಕಿ ಮಾರ್ಜೊರಿ ಕೋರ್ಟ್‌ನಿ-ಲ್ಯಾಟಿಮರ್, ಮೀನುಗಾರರ ಬಲೆಯ ರಾಶಿಯಲ್ಲಿ ಗುರುತಿಸಿದರು. ಸ್ಟೆಲ್ಲರ್‌ನ ಕಡಲಹಸು ಎಂಬ ಕಡಲ ಸಸ್ತನಿಯ ಅಸ್ಥಿಪಂಜರ ಸಿಕ್ಕಿದರೆ ಅದರ ಎರಡು ವರ್ಷಗಳನ್ನು ಬರೆದುಕೊಳ್ಳಿ: ವಿಜ್ಞಾನಕ್ಕೆ ಪರಿಚಯವಾದದ್ದು 1741, ನಿರ್ನಾಮವಾದದ್ದು 1768ರ ಹೊತ್ತಿಗೆ. ಪತ್ರಿಕೆಗಳಲ್ಲಿ ತಿಮಿಂಗಿಲದ ವಾಂತಿಯೆಂದು ಓದುವ ಅಂಬರ್‌ಗ್ರಿಸ್‌ನ ತುಂಡನ್ನೂ ಕೆಲವೆಡೆ ಇಟ್ಟಿರುತ್ತಾರೆ. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಜೀರ್ಣವಾಗದ ಸ್ಕ್ವಿಡ್ ಕೊಕ್ಕುಗಳ ಸುತ್ತ ಕಟ್ಟಿಕೊಳ್ಳುವ ವಸ್ತು. ಸತ್ತ ತಿಮಿಂಗಿಲ ಕಡಲಿನ ತಳಕ್ಕೆ ಇಳಿದ ಮೇಲೆ ನಡೆಯುವುದನ್ನು ತೋರಿಸುವ ಪ್ರದರ್ಶನವಿದ್ದರೆ ಅದನ್ನು ಬಿಡಬೇಡಿ. ಆ ಮೂಳೆಗಳೊಳಗೆ ಬೇರು ಬಿಟ್ಟು ಅದರ ಕೊಬ್ಬನ್ನೇ ಉಂಡು ಬದುಕುವ ಹುಳುಗಳನ್ನು 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ, ಸುಮಾರು 2,900 ಮೀಟರ್ ಆಳದಲ್ಲಿ ಕಂಡರು.

ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಿ

ಚಿಕ್ಕವರಿಗೆ ಇಡೀ ತಿಮಿಂಗಿಲವನ್ನು ಬಿಡಿಸಲು ಹೇಳಿದರೆ ಬೇಸರಪಡುತ್ತಾರೆ. ಒಂದೇ ಮೂಳೆಯನ್ನು, ಮುಖ್ಯವಾಗಿ ಈಜುರೆಕ್ಕೆಯೊಳಗಿನ ಕೈಯನ್ನು, ಬಿಡಿಸಲು ಹೇಳಿ. ಪುಟದ ಎದುರುಬದಿಯಲ್ಲಿ ತಮ್ಮ ಕೈಯನ್ನೇ ಒತ್ತಿಟ್ಟು ಸುತ್ತಲೂ ಗೆರೆ ಎಳೆಯಲಿ. ಮಾದರಿ ತಿಮಿಂಗಿಲವಿದ್ದರೆ ಅದರ ಹೊಕ್ಕುಳನ್ನು ಹುಡುಕಲು ಪಂದ್ಯ ಕಟ್ಟಿ. ನ್ಯೂಯಾರ್ಕಿನ ಮಾದರಿಗೆ ಮೊದಲು ಹೊಕ್ಕುಳೇ ಇರಲಿಲ್ಲ, 2003ರಲ್ಲಿ ದುರಸ್ತಿ ಮಾಡುವಾಗ ಸೇರಿಸಿದರು. ತಾಯಿಯ ಹೊಟ್ಟೆಯಲ್ಲಿ ಬೆಳೆದು, ಹಾಲು ಕುಡಿದು ದೊಡ್ಡದಾದ ಪ್ರಾಣಿಗೆ ಹೊಕ್ಕುಳಿರಲೇಬೇಕಲ್ಲವೇ ಎಂದು ಕೇಳಿದರೆ, ಮೀನಿಗೂ ತಿಮಿಂಗಿಲಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಬೇರೆ ವಿವರಣೆಯಿಲ್ಲದೆ ಹಿಡಿಯುತ್ತದೆ.

ಹೊರಬರುವಾಗ ಮತ್ತು ಬಂದ ಮೇಲೆ

ಹೊರಡುವ ಮುನ್ನ ಮುಖ್ಯ ಅಸ್ಥಿಪಂಜರದ ಫಲಕದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿ. ಹಲವು ಸಂಗ್ರಹಾಲಯಗಳು ತಮ್ಮ ಸಂಗ್ರಹದ ಪಟ್ಟಿಯನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಆ ಸಂಖ್ಯೆ ಕೊಟ್ಟು ಹುಡುಕಿದರೆ ಪ್ರಾಣಿ ಸಿಕ್ಕ ದಿನ, ಜಾಗ, ಗಂಡೋ ಹೆಣ್ಣೋ ಎಂಬ ವಿವರ ಸಿಗಬಹುದು. ಸಿಗದಿದ್ದರೆ ಪತ್ರ ಬರೆದು ಕೇಳಬಹುದು. ಬೇರೆ ದೇಶದಲ್ಲಿ ತಿಮಿಂಗಿಲದ ಹಲ್ಲು, ಬಲೀನ್ ಅಥವಾ ಮೂಳೆಯಿಂದ ಮಾಡಿದ ಹಳೆಯ ವಸ್ತುಗಳು ಮಾರಾಟಕ್ಕೆ ಕಂಡರೆ ಕೊಳ್ಳಬೇಡಿ. ಅವುಗಳನ್ನು ಗಡಿ ದಾಟಿಸುವುದಕ್ಕೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅಡಿಯಲ್ಲಿ ಬಿಗಿ ನಿರ್ಬಂಧಗಳಿವೆ, ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಳ್ಳುತ್ತಾರೆ.

ಮುಂದೆಂದಾದರೂ ಕಡಲ ದಂಡೆಯಲ್ಲಿ ದಡಕ್ಕೆ ಬಂದು ಬಿದ್ದ ತಿಮಿಂಗಿಲವನ್ನೋ ಡಾಲ್ಫಿನ್ನನ್ನೋ ಕಂಡರೆ ಮುಟ್ಟಬೇಡಿ, ಜೀವವಿದ್ದರೆ ನೀವಾಗಿಯೇ ನೀರಿಗೆ ಎಳೆಯಲು ಹೋಗಬೇಡಿ, ಶ್ವಾಸರಂಧ್ರಕ್ಕೆ ನೀರು ಹೊಯ್ಯಬೇಡಿ. ದೂರ ನಿಂತು ಅರಣ್ಯ ಇಲಾಖೆಗೋ ಕರಾವಳಿ ಪೊಲೀಸರಿಗೋ ತಿಳಿಸಿ, ನೋಡಿದ ಜಾಗ, ಹೊತ್ತು ಮತ್ತು ಉದ್ದದ ಅಂದಾಜನ್ನು ಬರೆದಿಡಿ. ಸತ್ತಿದ್ದರೂ ತಡಮಾಡದೆ ತಿಳಿಸಿ. ಜೀವವಿಜ್ಞಾನಿಗಳು ಬೇಗ ತಲುಪಿದಷ್ಟೂ ಅದು ಸತ್ತದ್ದು ಹೇಗೆಂದು ತಿಳಿಯುವ ಸಾಧ್ಯತೆ ಹೆಚ್ಚು. ಮಾಹಿತಿ ಫಲಕದ ಕೊನೆಯ ಸಾಲು ಬರೆಯಲು ಬೇಕಾಗುವುದು ಆ ದಿನದ ಟಿಪ್ಪಣಿಯೇ.